ಕೈ ಕೊಳೆ ಇದೆ

ಬೈಕ್ ರಿಪೇರಿ ಮಾಡುವವನಿಗೆ ಶುಚಿಯ ಕಾಯಿಲೆ ಬಂತು ಅಂದರೆ ಯಾರಾದರೂ ನಂಬುತ್ತಾರಾ? ನಮ್ಮ ಮೆಕ್ಯಾನಿಕ್ಕನ ವಿಷಯದಲ್ಲಿ ಎಲ್ಲರೂ ನಂಬಿದರು. ಹೆಂಡತಿ ನಂಬಿದಳು, ಭಾಮೈದ ನಂಬಿದ, ಎದುರುಮನೆಯ ರಿಟೈರ್ಡ್ ನರ್ಸಮ್ಮ ನಂಬಿದ್ದಷ್ಟೇ ಅಲ್ಲ, ಕಂಡುಹಿಡಿದದ್ದೇ ತಾನು ಅಂತ ಕಟ್ಟಡದ ಎಲ್ಲಾ ಬಾಗಿಲಿಗೂ ಹೇಳಿಕೊಂಡು ಬಂದರು. ನಂಬದೇ ಉಳಿದವನು ಅವನೊಬ್ಬನೇ. ಅವನಿಗೆ ನಿಜ ಗೊತ್ತಿತ್ತು. ಆ ನಿಜವನ್ನು ಬಾಯಿ ಬಿಟ್ಟು ಹೇಳುವುದಕ್ಕಿಂತ ಬಕೆಟ್ಟುಗಟ್ಟಲೆ ನೀರನ್ನು ಕೈಮೇಲೆ ಸುರಿದುಕೊಳ್ಳುವುದೇ ಸುಲಭ ಅಂತ ಅವನಿಗೆ ಅನಿಸಿತ್ತು, ಪಾಪ.

ಮೊದಲು ಆ ಕೈಗಳ ಬಗ್ಗೆ ನಾಲ್ಕು ಮಾತು ಹೇಳಿಬಿಡಬೇಕು. ಗ್ರೀಸು, ಆಯಿಲ್ಲು, ಚೈನಿನ ಮಸಿ ಎಲ್ಲವೂ ಸೇರಿ ಅವನ ಉಗುರಿನ ಸಂದಿಯಲ್ಲಿ ಖಾಯಂ ಬಿಡಾರ ಹೂಡಿದ್ದವು. ಮದುವೆಯಾದ ಹೊಸದರಲ್ಲಿ ಹೆಂಡತಿ "ಕೈ ತೊಳ್ಕೊಂಡು ಊಟಕ್ಕೆ ಬನ್ನಿ" ಅಂತ ಹೇಳಿ ಹೇಳಿ ಸಾಕಾಗಿ ಒಂದು ಚಮಚ ತಂದಿಟ್ಟಳು. ಚಮಚವೂ ಕಪ್ಪಾಯಿತು. ಕೊನೆಗೆ ಆ ವಿಷಯದಲ್ಲಿ ಅವಳೇ ಕೈ ತೊಳೆದುಕೊಂಡಳು.

ಇಂಥವನ ಮನೆಗೆ ಮಗಳು ಎಳೇ ಹೆಣ್ಣುಮಗುವನ್ನು ಎತ್ತಿಕೊಂಡು ಬಂದಳು. ಅಳಿಯ ದೂರದೂರಕ್ಕೆ ಲಾರಿ ಓಡಿಸುವವನು, ಯಾವಾಗಲೋ ಒಮ್ಮೆ ಮುಖ ತೋರಿಸುವವನು. ಮಗಳಿಗೆ ಬಸ್ ಸ್ಟ್ಯಾಂಡಿನ ಟಿಕೆಟ್ ಕೌಂಟರಿನಲ್ಲಿ ಕೆಲಸ. ರಜೆ ಮುಗಿದ ಕೂಡಲೇ ಹೋಗಿ ಕೂರದಿದ್ದರೆ ಆ ಕುರ್ಚಿಯ ಮೇಲೆ ಕಣ್ಣು ಹಾಕಿದವರು ಬೇರೆ ಇದ್ದರು. ಹೆಂಡತಿ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವವಳು, ಬೆಳಗ್ಗೆ ಹೋದರೆ ಬರುವುದು ಮಧ್ಯಾಹ್ನ. ಶೆಡ್ಡಿನ ಬಾಗಿಲನ್ನು ತಡವಾಗಿ ತೆಗೆದರೂ ನಡೆಯುತ್ತಿದ್ದದ್ದು ಮೆಕ್ಯಾನಿಕ್ಕಿಗೆ ಮಾತ್ರ. ಹಾಗಾಗಿ ಬೆಳಗಿನ ಹೊತ್ತು ಮಗು ತಾತನ ಪಾಲಿಗೆ ಅಂತ ಯಾರೂ ಕೂತು ಮಾತಾಡದೆಯೇ ತೀರ್ಮಾನವಾಗಿತ್ತು. ತಾತನೂ ಕುಣಿದಾಡುತ್ತಿದ್ದ. ಹಳೇ ಬೇರಿಂಗಿನ ಗುಂಡುಗಳನ್ನು ಡಬ್ಬಿಗೆ ಹಾಕಿ ಗಿಲಕಿ ಮಾಡಿಟ್ಟಿದ್ದ.

ಬಂದ ಮಾರನೇ ದಿನ ಮಗಳು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾ, "ಅಪ್ಪಾ, ಸ್ವಲ್ಪ ಎತ್ಕೋ" ಅಂತ ಮಗುವನ್ನು ಅವನ ತೋಳಿಗೆ ಕೊಟ್ಟಳು. ಮೂರನೇ ಮಹಡಿ, ಸೊಂಟದೆತ್ತರದ ಕಂಬಿ, ಕೆಳಗೆ ಸಿಮೆಂಟಿನ ನೆಲ. ಮಗು ಅವನ ಮೂಗನ್ನೇ ನೋಡಿ ನಕ್ಕಿತು. ಆ ಕ್ಷಣಕ್ಕೆ ಸರಿಯಾಗಿ ಅವನ ತಲೆಗೊಂದು ಯೋಚನೆ ಬಂತು: ಈಗ ಇದನ್ನು ಕೆಳಗೆ ಎಸೆದುಬಿಟ್ಟರೆ?

ಎಲ್ಲಿಂದ ಬಂತು, ಯಾಕೆ ಬಂತು, ಯಾರು ಕರೆದರು, ಒಂದೂ ಗೊತ್ತಿಲ್ಲ. ಬಂದದ್ದು ಹೋಗಲೂ ಇಲ್ಲ. ಮೆಕ್ಯಾನಿಕ್ ಕಂಬಿಯಿಂದ ಹಿಂದೆ ಸರಿದ. ಮಗುವನ್ನು ಮಗಳ ಕೈಗೆ ತುರುಕಿ, ಬಾಯಿಗೆ ಬಂದ ಮೊದಲ ಮಾತನ್ನೇ ಹೇಳಿದ.

"ಕೈ ಕೊಳೆ ಇದೆ."

"ತೊಳ್ಕೊಂಡು ಬಾ" ಅಂದಳು ಮಗಳು. ಅಲ್ಲಿಂದ ಶುರುವಾಯಿತು ನೋಡಿ.

ಅವನು ಸೋಪು ಹಾಕಿ ತೊಳೆದ. "ಈಗ ತಗೋ" ಅಂದಳು. "ಇನ್ನೂ ಇದೆ" ಅಂದ. ಸೀಮೆಎಣ್ಣೆ ಹಾಕಿ ತೊಳೆದ, ಬಟ್ಟೆ ಸೋಪಿನ ಪುಡಿ ಹಾಕಿ ತೊಳೆದ, ಚೈನ್ ಉಜ್ಜುವ ತಂತಿ ಬ್ರಷ್ಷನ್ನು ಶೆಡ್ಡಿನಿಂದ ತಂದು ಅಂಗೈಯನ್ನೇ ಉಜ್ಜಿದ. ತೊಳೆಯುತ್ತಿರುವಷ್ಟು ಹೊತ್ತು ಮಗುವನ್ನು ಯಾರೂ ಕೈಗೆ ಕೊಡುವುದಿಲ್ಲ ಎಂಬ ಸತ್ಯ ಅವನಿಗೆ ಬೇಗ ಗೊತ್ತಾಗಿತ್ತು. ಮಗು ಅತ್ತರೆ ನಲ್ಲಿ ತಿರುಗಿಸುತ್ತಿದ್ದ, ಮಗು ನಕ್ಕರೂ ನಲ್ಲಿ ತಿರುಗಿಸುತ್ತಿದ್ದ. ಓವರ್‌ಹೆಡ್ ಟ್ಯಾಂಕು ಮಧ್ಯಾಹ್ನಕ್ಕೇ ಖಾಲಿಯಾಗಿ ಕೆಳಗಿನ ಮನೆಯವರು ಖಾಲಿ ಬಕೆಟ್ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅವನ ಕೈ ನೋಡಿ ಬೈಯಲು ಬಂದ ಬಾಯಿ ಹಾಗೇ ಮುಚ್ಚಿಕೊಂಡು ಇಳಿದು ಹೋದರು. ಸುಲಿದ ಅಂಗೈಯಲ್ಲಿ ರಕ್ತ ಒಸರುತ್ತಿತ್ತು.

ಆಗ ರಂಗಕ್ಕೆ ಬಂದದ್ದು ನರ್ಸಮ್ಮ. ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಹೆಂಡತಿಯನ್ನು ಅಡುಗೆಮನೆಗೆ ಕರೆದೊಯ್ದು ಹೇಳಿದರು. "ತಂಗೀ, ಹೆದರ್ಕೋಬೇಡ. ನಿನ್ನ ಗಂಡನಿಗೆ ಓಸಿಡಿ."

ಹೆಂಡತಿಯ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. "ಇಲ್ಲ ಅಕ್ಕಾ, ಇವರು ಓಸಿ ಆಡಲ್ಲ. ನಂಬರ್ ಕಟ್ಟೋ ಬುದ್ಧಿ ನಮ್ಮ ಮನೇಲಿ ಯಾರಿಗೂ ಇಲ್ಲ."

"ಆ ಓಸಿ ಅಲ್ಲ ಕಣೇ. ಗೀಳು ಕಾಯಿಲೆ. ಶುಚಿ ಜಾಸ್ತಿಯಾಗಿ ಬರೋದು."

"ಇವರಿಗೆ? ಶುಚಿ?" ಹೆಂಡತಿ ಗೋಡೆ ಹಿಡಿದು ಕೂತಳು. ಓಸಿ ಆಡುವುದನ್ನಾದರೂ ಅವಳು ನಂಬುತ್ತಿದ್ದಳೋ ಏನೋ.

ಸಂಜೆಯೊಳಗೆ ಅವಳ ತಮ್ಮ ಹಾಜರಾದ. ಇನ್ಶೂರೆನ್ಸ್ ಏಜೆಂಟು. ಯಾವ ಮಾತಿಗೂ ಒಂದು ಪರ್ಸೆಂಟೇಜ್ ಸೇರಿಸದಿದ್ದರೆ ಅವನಿಗೆ ತಿಂದದ್ದು ಅರಗುವುದಿಲ್ಲ. "ಭಾವ, ಇದು ದೊಡ್ಡ ದೊಡ್ಡ ಆಫೀಸರ್‌ಗಳಿಗೆ ಬರೋ ಕಾಯಿಲೆ. ನಿಮ್ಮಂಥೋರಿಗೆ ಬರೋದು ನೂರಕ್ಕೆ ಒಂದೇ ಪರ್ಸೆಂಟ್" ಅಂತ ಭುಜ ತಟ್ಟಿದ. ಭಾವ ಮಗು ಮಲಗಿದ್ದ ಕೋಣೆಯತ್ತ ಒಮ್ಮೆ ನೋಡಿ, ಸುಮ್ಮನೆ ತಲೆಯಾಡಿಸಿದ. ಕಾಯಿಲೆಯ ಬಗ್ಗೆ ಅಲ್ಲಿಯವರೆಗೆ ಅವನು ಹೇಳಿದ ಸುಳ್ಳು ಅಂತ ಇದ್ದರೆ ಇಷ್ಟೇ, ಆ ತಲೆಯಾಡಿಸಿದ್ದು.

ಸುದ್ದಿ ಶೆಡ್ಡಿಗೂ ಹೋಯಿತು. ಶುಚಿಯ ಕಾಯಿಲೆ ಇರುವ ಮೆಕ್ಯಾನಿಕ್ ಅಂದರೆ ಗಾಡಿ ಎಷ್ಟು ಚೊಕ್ಕವಾಗಿ ಮಾಡಿಕೊಡುತ್ತಾನೋ ಅಂತ ಹೊಸ ಗಿರಾಕಿಗಳು ಬಂದರು. ಕೆಲವರು ಅವನಿಗೆ ಬೇಜಾರಾಗಬಾರದು ಅಂತ ಗಾಡಿಯನ್ನು ತೊಳೆದೇ ತಂದರು. ಕಟ್ಟಡದಲ್ಲಿ ಅವನ ಮರ್ಯಾದೆ ಏರಿತು. ಅವನು ಹತ್ತಿರ ಬಂದರೆ ಜನ ಎದ್ದು ಸೀಟು ಒರೆಸಿ ಕೊಡುತ್ತಿದ್ದರು. ಮನೆಯಲ್ಲಿ ಮಗು ದಿನಕ್ಕೊಂದು ಹೊಸ ಆಟ ಕಲಿಯುತ್ತಿತ್ತು. ತಾತ ಅದನ್ನೆಲ್ಲ ಬಚ್ಚಲಮನೆ ಬಾಗಿಲ ಸಂದಿಯಿಂದ ನೋಡುತ್ತಿದ್ದ.

ಒಂದು ದಿನ ಮಗಳು ಅಮ್ಮನ ಹತ್ತಿರ ಹೇಳಿದ್ದು ಅವನ ಕಿವಿಗೆ ಬಿತ್ತು. "ಗಂಡುಮಗು ಆಗಿದ್ರೆ ಅಪ್ಪ ಎತ್ಕೋತಿದ್ನೇನೋ." ಆ ರಾತ್ರಿ ಅವನು ಊಟ ಮಾಡಲಿಲ್ಲ. ಕೈ ಉರಿ ಅಂದ.

ಭಾಮೈದನೇ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಹೊತ್ತು ಗೊತ್ತುಮಾಡಿಸಿದ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮೃದು ಮಾತಿನವರು, ಹೊರಗೆ ಕಾರಿಡಾರ್ ತುಂಬ ಜನ ಕಾಯುತ್ತಿದ್ದುದರಿಂದ ಸ್ವಲ್ಪ ಅವಸರದಲ್ಲಿದ್ದರು. ಒಳಗೆ ಬಂದದ್ದು ಮೆಕ್ಯಾನಿಕ್, ಹೆಂಡತಿ, ಭಾಮೈದ, ನರ್ಸಮ್ಮ. ಕುರ್ಚಿ ಎರಡೇ ಇದ್ದವು. ರೋಗಿ ನಿಂತುಕೊಂಡ.

"ಇವರನ್ನ ಒಬ್ಬರನ್ನೇ ಕೇಳಿದ್ರೆ ಒಳ್ಳೇದು" ಅಂದರು ಡಾಕ್ಟರ್.

"ನಮ್ಮ ಭಾವನ ಹತ್ರ ಗುಟ್ಟು ಅನ್ನೋದೇ ಇಲ್ಲ ಮೇಡಂ. ಕೇಳಿ, ನಾವು ಹೇಳ್ತೀವಿ" ಅಂದ ಭಾಮೈದ.

ಡಾಕ್ಟರ್ ನಿಟ್ಟುಸಿರು ಬಿಟ್ಟು ಕಾಗದ ತೆಗೆದರು. ಈ ಕಾಯಿಲೆ ಒಂದೇ ತರಹ ಇರುವುದಿಲ್ಲ, ಅದರಲ್ಲಿ ಬಗೆಗಳಿವೆ, ಮೊದಲು ಯಾವ ಬಗೆ ಅಂತ ನೋಡಬೇಕು, ಆಮೇಲೆ ಅದು ಎಷ್ಟು ಜೋರಾಗಿದೆ ಅಂತ ಅಳೆಯಬೇಕು ಅಂದರು. ಕೊಳೆ ಅಂತ ತೊಳೆಯುವುದು ಒಂದು ಬಗೆ. ಅದಕ್ಕೆ ನಾಲ್ವರೂ ತಲೆಯಾಡಿಸಿದರು. ಬೀಗ ಹಾಕಿದೆನಾ, ಗ್ಯಾಸ್ ಆಫ್ ಮಾಡಿದೆನಾ ಅಂತ ನೋಡಿದ್ದನ್ನೇ ನೋಡುವುದು ಇನ್ನೊಂದು.

"ಇವರು ಬೀಗಾನೇ ಹಾಕಲ್ಲ" ಅಂದಳು ಹೆಂಡತಿ.

"ಎಲ್ಲಾ ಸಾಲಾಗಿ, ಸರಿಸಮ ಇರಬೇಕು ಅನ್ನೋದು?"

"ಒಂದು ಚಪ್ಪಲಿ ಬಾಗಿಲ ಹತ್ರ ಇದ್ರೆ ಇನ್ನೊಂದನ್ನ ನಾನು ಮಂಚದ ಕೆಳಗೆ ಹುಡುಕ್ತೀನಿ ಮೇಡಂ."

"ಬೇಡ ಬೇಡ ಅಂದ್ರೂ ಕೆಟ್ಟ ಯೋಚನೆ ಬರೋದು? ಯಾರಿಗಾದ್ರೂ ಏನಾದ್ರೂ ಮಾಡಿಬಿಡ್ತೀನೇನೋ ಅಂತ?"

ಮೆಕ್ಯಾನಿಕ್ ಬಾಯಿ ತೆರೆದ. ನಿಜವಾಗಲೂ ತೆರೆದ, ನಾನು ಹೇಳುತ್ತಿದ್ದೇನಲ್ಲ. ಅಷ್ಟರಲ್ಲಿ ಹೆಂಡತಿ ನಕ್ಕುಬಿಟ್ಟಳು. "ಇವರಾ? ಜಿರಲೆ ಹೊಡೀರಿ ಅಂದ್ರೆ ಪೇಪರ್ ಮೇಲೆ ಹತ್ತಿಸ್ಕೊಂಡು ಮೆಟ್ಟಿಲ ಹತ್ರ ಬಿಟ್ಟು ಬರ್ತಾರೆ." ಡಾಕ್ಟರೂ ನಕ್ಕರು. ನರ್ಸಮ್ಮ, ಭಾಮೈದ ಇಬ್ಬರೂ ನಕ್ಕರು. ನಾಲ್ಕು ಜನ ನಗುತ್ತಿರುವಾಗ ಯಾವ ಮನುಷ್ಯ ತಾನೇ ಅಂಥ ಮಾತು ಆಡುತ್ತಾನೆ? ತೆರೆದ ಬಾಯಿಂದ "ಇಲ್ಲ ಮೇಡಂ" ಅಂದ. ಡಾಕ್ಟರ್ ಆ ಸಾಲನ್ನು ದಾಟಿ ಮುಂದೆ ಹೋದರು.

ಆಮೇಲೆ ಅಳತೆ. ಈ ಯೋಚನೆ ದಿನಕ್ಕೆ ಎಷ್ಟು ಹೊತ್ತು ಕಾಡುತ್ತೆ, ಕೆಲಸಕ್ಕೆ ಎಷ್ಟು ಅಡ್ಡಿ, ಎಷ್ಟು ಸಂಕಟ, ತಡೆಯೋಕೆ ಆಗುತ್ತಾ. ಒಂದೊಂದು ಪ್ರಶ್ನೆಗೂ ಸೊನ್ನೆಯಿಂದ ನಾಲ್ಕರವರೆಗೆ. ಇದಕ್ಕೆ ಮಾತ್ರ ಮೆಕ್ಯಾನಿಕ್ ಯಾರಿಗೂ ಬಾಯಿ ಹಾಕಲು ಬಿಡದೆ ತಾನೇ ಉತ್ತರ ಹೇಳಿದ. ಎದ್ದಾಗಿಂದ ಮಲಗೋವರೆಗೂ ಇರುತ್ತೆ. ತಡೆಯೋಕೆ ಆಗಲ್ಲ. ಸಂಕಟ ಅಂದ್ರೆ, ಸತ್ತುಹೋದ್ರೆ ಸಾಕು ಅನ್ಸುತ್ತೆ. ಅವನು ಹೇಳುತ್ತಿದ್ದದ್ದು ಬಾಲ್ಕನಿಯ ಯೋಚನೆಯ ಬಗ್ಗೆ. ಡಾಕ್ಟರ್ ಬರೆದುಕೊಂಡದ್ದು ಕೈಯ ಕೊಳೆಯ ಬಗ್ಗೆ. ಅಳತೆಗೋಲು ಸರಿಯಾಗಿಯೇ ಇತ್ತು, ಹಿಡಿದದ್ದು ಮಾತ್ರ ಪಕ್ಕದ ಮನೆಗೆ.

"ಇಪ್ಪತ್ತೆಂಟು" ಅಂದರು ಡಾಕ್ಟರ್.

"ಎಷ್ಟಕ್ಕೆ?" ಅಂದ ಭಾಮೈದ.

"ನಲವತ್ತಕ್ಕೆ."

ಭಾಮೈದನ ಮುಖ ಅರಳಿತು. "ಎಪ್ಪತ್ತು ಪರ್ಸೆಂಟ್. ಭಾವ ಸ್ಕೂಲಲ್ಲೂ ಇಷ್ಟು ತೆಗೆದಿರಲಿಲ್ಲ."

ಚಿಕಿತ್ಸೆ ಏನಪ್ಪಾ ಅಂದರೆ, ಮಾತ್ರೆಯ ಜೊತೆಗೆ, ಯಾವುದಕ್ಕೆ ಹೆದರುತ್ತಾನೋ ಅದನ್ನೇ ಮುಟ್ಟಬೇಕು. ಮುಟ್ಟಿ, ತೊಳೆಯದೆ, ಭಯ ತಾನಾಗಿ ಇಳಿಯುವವರೆಗೆ ಕೂರಬೇಕು. ಮನೆಯವರು ಸಹಕರಿಸಬೇಕು ಅಂದದ್ದೇ ತಡ, ಇಡೀ ಕಟ್ಟಡ ಸೊಂಟ ಕಟ್ಟಿ ನಿಂತಿತು. ಕೆಳಗಿನ ಮನೆಯವರು ಚರಂಡಿಯ ಕೆಸರು ತಂದರು. ನರ್ಸಮ್ಮ ವಾರದ ಕಸದ ಬುಟ್ಟಿಯನ್ನೇ ಕಳಿಸಿದರು. ಹೆಂಡತಿ ಹಾಸ್ಟೆಲ್ಲಿನ ಜಿಡ್ಡು ಹಿಡಿದ ಬಾಣಲೆ ಹೊತ್ತು ತಂದಳು. ಅಷ್ಟು ವರ್ಷ ಯಾವ ಕೊಳೆಗೆ ಅವನನ್ನು ಬೈದಿದ್ದಳೋ ಅದೇ ಕೊಳೆಯನ್ನು ತಾನೇ ಅವನ ಮುಂದೆ ಸುರಿದು, "ಮುಟ್ರೀ, ಧೈರ್ಯ ಮಾಡಿ" ಅಂತ ಕಣ್ಣೀರು ಒರೆಸಿಕೊಂಡಳು.

ಮೆಕ್ಯಾನಿಕ್ ಮುಟ್ಟಿದ. ಕೆಸರಲ್ಲಿ ಕೈಯಾಡಿಸಿದ. ಕಸದ ಬುಟ್ಟಿಯೊಳಗೆ ಮೊಣಕೈವರೆಗೆ ಇಳಿದ. ಅದೇ ಕೈಯಲ್ಲಿ ಬಿಸ್ಕತ್ತು ತೆಗೆದು ಚಹಾದಲ್ಲಿ ಅದ್ದಿಕೊಂಡು ತಿಂದ. ನೋಡುತ್ತಾ ನಿಂತವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು, ಅವನಿಗೆ ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಹುಟ್ಟಿದ ಮನೆಗೆ ವಾಪಸ್ ಬಂದ ಹಾಗಿತ್ತು ಅವನಿಗೆ. ತೊಳೆಯುವುದು ನಿಂತಿತು, ಅಂಗೈಯ ಗಾಯ ಮಾಯಿತು, ಉಗುರಿನ ಸಂದಿ ಮತ್ತೆ ಕಪ್ಪಾಯಿತು. ಮುಂದಿನ ಸಲ ಡಾಕ್ಟರ್ ಕೊಳೆಯ ಬಗ್ಗೆ ಕೇಳಿದಾಗ ಹೆಚ್ಚುಕಮ್ಮಿ ಎಲ್ಲದಕ್ಕೂ "ಇಲ್ಲ" ಅಂದ. ನಲವತ್ತಕ್ಕೆ ನಾಲ್ಕು ಬಂತು.

"ಇಷ್ಟು ಬೇಗ ಇಳಿದಿದ್ದನ್ನ ನಾನು ನೋಡೇ ಇಲ್ಲ" ಅಂದರು ಡಾಕ್ಟರ್. ಸಂತೋಷದಲ್ಲಿ ಅವರಿಗೂ ಅನುಮಾನ ಹುಟ್ಟಲಿಲ್ಲ. ತಮ್ಮ ಕೈಕೆಳಗೆ ಕಲಿಯುವ ಹುಡುಗ ಹುಡುಗಿಯರ ಮುಂದೆ ಒಮ್ಮೆ ಬಂದು ಕೂರುತ್ತೀರಾ, ಅವರಿಗೂ ಗೊತ್ತಾಗಲಿ ಅಂತ ಕೇಳಿದರು. ಭಾಮೈದ ಅವನ ಪರವಾಗಿ ಒಪ್ಪಿಕೊಂಡ.

ಆ ದಿನ ಮೆಕ್ಯಾನಿಕ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗುಣವಾದವನ ಮುಖ ಹೊತ್ತುಕೊಂಡು ಕೂತ. ಮಗಳೂ ಮಗುವಿನ ಜೊತೆ ಬಂದಿದ್ದಳು. ಅವಳ ರಜೆ ಮುಗಿಯುವುದರಲ್ಲಿತ್ತು. ಕೋಣೆ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ. ಸೆಕೆಗೆ ಕಿಟಕಿಗಳನ್ನೆಲ್ಲ ಹಾರುಹೊಡೆದಿದ್ದರು. ಡಾಕ್ಟರ್ ಅವನ ಧೈರ್ಯದ ಬಗ್ಗೆ ಮಾತಾಡಿದರು. ಹುಡುಗರು ಬರೆದುಕೊಂಡರು. ಭಾಮೈದ ಎದ್ದು ನಿಂತು, ಸೋಮವಾರದಿಂದ ಬೆಳಗ್ಗೆ ಹೊತ್ತು ಮೊಮ್ಮಗಳನ್ನು ನೋಡಿಕೊಳ್ಳುವುದು ಇವರೇ, ಮನೇಲಿ ಇವರಿಬ್ಬರೇ ಇರ್ತಾರೆ, ಎಲ್ಲಾ ಮೇಡಂ ಅವರ ಆಶೀರ್ವಾದ ಅಂತ ಭಾಷಣ ಮುಗಿಸಿದ. ಚಪ್ಪಾಳೆ ಬಿತ್ತು.

"ಹಾಗಾದ್ರೆ ಮಗೂನ ತಾತನ ಕೈಗೆ ಕೊಡಿ, ನಾವೂ ನೋಡೋಣ" ಅಂದರು ಡಾಕ್ಟರ್.

ಮಗಳು ಎದ್ದು ಬಂದಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಕೈ ಕೊಳೆ ಇದೆ" ಅಂದ.

ಹುಡುಗರು ಗೊಳ್ಳೆಂದು ನಕ್ಕರು. "ಅದೇ ಬೇಕಾಗಿರೋದು. ಹಾಗೇ ಎತ್ಕೊಳ್ಳಿ" ಅಂದರು ಡಾಕ್ಟರ್. ಮಗಳು ಮಗುವನ್ನು ಮುಂದಕ್ಕೆ ಚಾಚಿದಳು. ಅವಳ ಮುಖದಲ್ಲಿ ಎಷ್ಟು ಆಸೆ ಇತ್ತು ಅಂತ ನಾನು ಹೇಳುವುದಿಲ್ಲ, ಹೇಳಿದರೆ ನನಗೇ ಸಂಕಟವಾಗುತ್ತದೆ.

"ಬೇಡಮ್ಮ" ಅಂದ ಮೆಕ್ಯಾನಿಕ್. "ಎಸೆದುಬಿಡ್ತೀನಿ."

ಕಲಿಯುವ ಹುಡುಗನೊಬ್ಬ ಪೆನ್ನು ಎತ್ತಿಕೊಂಡೇ ಕೇಳಿದ. "ಏನನ್ನ?"

"ಮಗೂನ. ಕಿಟಕಿಯಿಂದ. ಬಂದ ಮಾರನೇ ದಿನದಿಂದ ಅದೇ ಯೋಚನೆ. ಕೈ ಕೊಳೆ ಅಂದಿದ್ದೆಲ್ಲಾ ಸುಳ್ಳು."

ಮಗಳು ಮಗುವನ್ನು ಎದೆಗೆ ಅವುಚಿಕೊಂಡು ಹಿಂದೆ ಹಿಂದೆ ಸರಿದು, ಬಾಗಿಲು ಬೆನ್ನಿಗೆ ತಾಗಿದಾಗ ತಿರುಗಿ ಓಡಿದಳು. ಹೆಂಡತಿ ಗಂಡನನ್ನು ನೋಡಿದಳು, ಬಾಗಿಲನ್ನು ನೋಡಿದಳು, ಬಾಗಿಲ ಕಡೆಗೇ ಹೋದಳು. ನರ್ಸಮ್ಮ ಮಾತ್ರ ಕೂತಲ್ಲಿಂದಲೇ, ತನಗೆ ಮೊದಲೇ ಅನುಮಾನ ಇತ್ತು ಅಂದರು. ಭಾಮೈದ ಗಂಟಲು ಸರಿಮಾಡಿಕೊಂಡ. "ಮೇಡಂ, ಇದು ಆಸ್ಪತ್ರೆ ವಿಷಯಾನಾ, ಪೊಲೀಸ್ ವಿಷಯಾನಾ?"

ಡಾಕ್ಟರ್ ಎಲ್ಲರನ್ನೂ ಹೊರಗೆ ಕಳಿಸಿ ಅವನ ಪಕ್ಕದಲ್ಲಿ ಕೂತರು. ಆಗ ಕೇಳಬೇಕಾದ ಹಾಗೆ ಒಬ್ಬರನ್ನೇ ಕೂರಿಸಿ ಕೇಳಲಿಲ್ಲವಲ್ಲ, ತಪ್ಪು ನನ್ನದು ಅಂದರು. ಆಮೇಲೆ ಅಂದು ದಾಟಿಸಿದ್ದ ಸಾಲನ್ನು ತೆಗೆದು ಅವನ ಮುಂದೆ ಹಿಡಿದರು. ಬೇಕು ಅಂತ ಅಲ್ಲದಿದ್ದರೂ ತನ್ನವರಿಗೆ, ಎಳೇ ಮಗುವಿಗೆ ಏನಾದರೂ ಮಾಡಿಬಿಟ್ಟೇನು ಎಂಬ ಭಯ ಅಂತ ಅದರಲ್ಲಿತ್ತು. ಅವನು ಕಪ್ಪು ಉಗುರನ್ನು ಅಕ್ಷರದ ಮೇಲಿಟ್ಟು ನಿಧಾನವಾಗಿ ಓದಿದ.

"ಇದನ್ನ ಈಗ ನನ್ನ ನೋಡಿ ಬರೆದ್ರಾ?"

"ನೀವು ಬರೋಕೆ ಎಷ್ಟೋ ಮುಂಚೆ ಅಚ್ಚಾಗಿದ್ದು."

"ಹಾಗಾದ್ರೆ ಬೇರೆಯವರಿಗೂ ಬರುತ್ತಾ?"

"ತುಂಬಾ ಜನಕ್ಕೆ. ಮಗು ಅಂದ್ರೆ ಪ್ರಾಣ ಅನ್ನೋರಿಗೇ ಬರುತ್ತೆ. ಇದು ಆಸೆ ಅಲ್ಲ, ಭಯ. ಎಸೆಯೋನು ಹೀಗೆ ಹೆದರಿ ಕೈ ಚರ್ಮ ಸುಲ್ಕೊಳ್ಳಲ್ಲ."

ಮೆಕ್ಯಾನಿಕ್ ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿದ ಮೇಲೆ ಡಾಕ್ಟರ್ ಮತ್ತೆ ಮೊದಲಿನಿಂದ ಅಳೆದರು. ಮೂವತ್ನಾಲ್ಕು ಬಂತು. ಹೊರಗೆ ನಿಂತಿದ್ದ ಭಾಮೈದ ಈ ಸಲ ಪರ್ಸೆಂಟೇಜ್ ಹೇಳಲಿಲ್ಲ.

ಡಾಕ್ಟರ ಮಾತು ಅವನಿಗೆ ತಿಳಿಯಿತು, ಕಟ್ಟಡಕ್ಕೆ ತಿಳಿಯಬೇಕಲ್ಲ. ಮಗಳು ಮಗುವಿನೊಂದಿಗೆ ಸೋದರಮಾವನ ಮನೆ ಸೇರಿದಳು. ಭಾಮೈದ ತನ್ನ ಮನೆಯ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ. ಹೆಂಡತಿ ಅಡುಗೆಮನೆಯ ಚಾಕುಗಳನ್ನು ಎಲ್ಲೋ ಅಡಗಿಸಿಟ್ಟು ಆಮೇಲೆ ತಾನೇ ಎಲ್ಲಿ ಅಂತ ಮರೆತು, ತರಕಾರಿಯನ್ನು ಕೈಯಲ್ಲಿ ಮುರಿದು ಬೇಯಿಸಿದಳು. ಹೊಸ ಗಿರಾಕಿಗಳು ಅವನು ಮಾಡಿಕೊಟ್ಟ ಬ್ರೇಕನ್ನು ಬೇರೆ ಕಡೆ ತೋರಿಸಿಕೊಂಡೇ ಮನೆಗೆ ಹೋಗುತ್ತಿದ್ದರು. ಮೆಟ್ಟಿಲ ಮೇಲೆ ಅವನು ಎದುರಾದರೆ ತಾಯಂದಿರು ಮಕ್ಕಳ ಕೈ ಹಿಡಿದೆಳೆದುಕೊಳ್ಳುತ್ತಿದ್ದರು. ಆ ಮಕ್ಕಳಲ್ಲಿ ಅರ್ಧ ಜನರ ಸೈಕಲ್ ಪಂಕ್ಚರ್ ಹಾಕಿಕೊಟ್ಟವನು ಅವನೇ.

ಇನ್ನು ಚಿಕಿತ್ಸೆ. ಅದೇ ಹಳೇ ಚಿಕಿತ್ಸೆ. ಯಾವುದಕ್ಕೆ ಹೆದರುತ್ತಾನೋ ಅದನ್ನೇ ಮುಟ್ಟಿ, ಭಯ ಇಳಿಯುವವರೆಗೆ ಕೂರಬೇಕು. ಇಲ್ಲದ ಕಾಯಿಲೆಗೆ ಕೊಳೆ ಬೇಕು ಅಂದಾಗ ಊರೆಲ್ಲ ಬುಟ್ಟಿ ಬುಟ್ಟಿ ತಂದು ಸುರಿದಿತ್ತು. ಇರುವ ಕಾಯಿಲೆಗೆ ಒಂದು ಮಗು ಬೇಕು ಅಂದರೆ ತಂದುಕೊಡುವವರು ಯಾರು? ಡಾಕ್ಟರ್ ಸದ್ಯಕ್ಕೆ ಬಟ್ಟೆಯ ಗಂಟಿನಿಂದ ಶುರುಮಾಡಿಸಿದರು. ಅವನು ಹಳೇ ಬೆಡ್‌ಶೀಟನ್ನು ಸುತ್ತಿ ಎತ್ತಿಕೊಂಡು ಬಾಲ್ಕನಿಯ ಕಂಬಿಯ ಹತ್ತಿರ ನಿಲ್ಲುತ್ತಿದ್ದ. ಎದುರಿನ ಕಿಟಕಿಯಿಂದ ನರ್ಸಮ್ಮ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. "ಇವತ್ತೂ ಬೀಳಿಸಲಿಲ್ಲ" ಅಂತ ದಿನಾ ಭಾಮೈದನಿಗೆ ಫೋನ್ ಮಾಡುತ್ತಿದ್ದರು. ಅಂಗಳದಲ್ಲಿ ಆಡುವವರು ಅವನು ಒಳಗೆ ಹೋಗುವವರೆಗೆ ಆಟ ನಿಲ್ಲಿಸಿ ಮೇಲೆ ನೋಡುತ್ತಿದ್ದರು. ಗಂಟನ್ನು ಎದೆಗೊತ್ತಿಕೊಂಡು ನಿಂತ ಆ ಗಟ್ಟಿಮುಟ್ಟು ಮನುಷ್ಯನನ್ನು ನೋಡಿ ನಗಬೇಕೋ ಅಳಬೇಕೋ ಯಾರಿಗೂ ತಿಳಿಯುತ್ತಿರಲಿಲ್ಲ.

ಮಗಳ ರಜೆ ಮುಗಿಯಿತು. ಸಂಬಳವಿಲ್ಲದ ರಜೆ ಕೇಳಿದಳು, ಕೊಟ್ಟರು. ಅದೂ ಮುಗಿಯುತ್ತಾ ಬಂತು. ಡಾಕ್ಟರ್ ಎರಡು ಸಲ ಫೋನ್ ಮಾಡಿದಾಗ ಎತ್ತಲಿಲ್ಲ. ಮೂರನೇ ಸಲ ಎತ್ತಿ, ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಒಂದು ಬೆಳಗ್ಗೆ, ಅವನು ಡಾಕ್ಟರ ಕೋಣೆಯಲ್ಲಿ ಬಟ್ಟೆಯ ಗಂಟು ಹಿಡಿದು ಕೂತಿದ್ದಾಗ, ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಮಗು ಬೆಳೆದಿತ್ತು. ಅಪ್ಪ ಇಳಿದುಹೋಗಿದ್ದ.

"ನಂಬಿಕೆ ಬಂತು ಅಂತ ಬಂದಿಲ್ಲ" ಅಂದಳು ಡಾಕ್ಟರಿಗೆ. "ನಂಬೋಕೆ ಆಗುತ್ತಾ ನೋಡೋಣ ಅಂತ ಬಂದೆ."

ಅವನ ತೊಡೆಯ ಮೇಲಿದ್ದ ಗಂಟನ್ನು ತೆಗೆದು ಪಕ್ಕಕ್ಕಿಟ್ಟು, ಅಲ್ಲಿ ಮಗುವನ್ನು ಕೂರಿಸಿದಳು. ಎದುರಿನ ಕುರ್ಚಿಯಲ್ಲಿ ತಾನು ಕೂತಳು. ಕಿಟಕಿ ತೆರೆದೇ ಇತ್ತು. ಮಗು ಅವನ ಅಂಗಿಯ ಗುಂಡಿಯನ್ನು ಬಾಯಿಗೆ ಹಾಕಿಕೊಂಡಿತು. ಅವನ ತೋಳು ಹಳೇ ಗಾಡಿಯ ಸೈಲೆನ್ಸರಿನಂತೆ ಅದುರುತ್ತಿತ್ತು.

ಡಾಕ್ಟರ್ ಮೆತ್ತಗೆ ಕೇಳಿದರು. "ಸೊನ್ನೆ ಅಂದ್ರೆ ಭಯಾನೇ ಇಲ್ಲ. ನೂರು ಅಂದ್ರೆ ಇದಕ್ಕಿಂತ ಜಾಸ್ತಿ ಭಯ ಇರೋಕೆ ಸಾಧ್ಯವೇ ಇಲ್ಲ. ಈಗ ನಿಮಗೆ ಎಷ್ಟು?"

"ತೊಂಬತ್ತು" ಅಂದ.

ಯಾರೂ ಕೇಳದೆಯೇ ಮಗಳು ಹೇಳಿದಳು. "ನಂಗೆ ನೂರು."

ಅವನು ಬೆಚ್ಚಿಬಿದ್ದು ಮಗುವನ್ನು ಎತ್ತಿ ಅವಳತ್ತ ಚಾಚಿದ. "ತಗೊಂಡುಬಿಡಮ್ಮ."

ಮಗಳು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆ ಗಟ್ಟಿಯಾಗಿ ಕೂತಳು. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಕೈ ತೆಗೆಯಲಿಲ್ಲ. "ನಿನ್ನ ಹತ್ರಾನೇ ಇರಲಿ" ಅಂದಳು.